ಗಲ್ಲಾದ ಹಿಂದಿನ ಲೋಟ

ಸೋಮವಾರ, 13 ಜನವರಿ

ಇತಿಹಾಸಕಾರರು ದಯವಿಟ್ಟು ಲೇಖನಿ ಕೈಗೆತ್ತಿಕೊಳ್ಳಬೇಕು. ಭಾಂಡುಪ್ ಪಶ್ಚಿಮದಲ್ಲಿ, ಸ್ಟೇಷನ್ನಿನಿಂದ ಕೂಗಳತೆಯಲ್ಲಿರುವ ಉಡುಪಿ ಹೋಟೆಲಿನ ಮಾಲಕ, ಐವತ್ತೆರಡರ ಪ್ರಾಯದ ಚೆನ್ನಯ ಎಂಬವನು ಇಂದಿನಿಂದ ಇಡ್ಲಿಯನ್ನು ತ್ಯಜಿಸಿದ್ದಾನೆ. ರಾಜ್ಯ ತ್ಯಜಿಸಿ ಕಾಡಿಗೆ ಹೋದವರ ಕಥೆ ನೀವು ಕೇಳಿರಬಹುದು. ಅವರಲ್ಲಿ ಯಾರ ರಾಜ್ಯದಲ್ಲೂ ತೆಂಗಿನಕಾಯಿ ಚಟ್ನಿ ಇರಲಿಲ್ಲವೆಂದು ನನ್ನ ಬಲವಾದ ನಂಬಿಕೆ.

('ನೀವು' ಎಂದು ಯಾರಿಗೆ ಬರೆಯುತ್ತಿದ್ದೇನೆ? ಇಲ್ಲಿ ಓದುವವರು ಯಾರೂ ಇಲ್ಲ. ಇಲ್ಲಿನ ಕನ್ನಡ ಸಂಘದ ಸ್ಮರಣ ಸಂಚಿಕೆಗಳಿಗೆ ವರ್ಷಕ್ಕೊಂದು ಹಾಸ್ಯ ಲೇಖನ ಬರೆದು ಬಂದ ಚಾಳಿ. ಇರಲಿ, ಓದುಗ ಮಹಾಶಯರಿಲ್ಲದೆ ನನಗೆ ಕೈ ಓಡುವುದಿಲ್ಲ.)

ತ್ಯಾಗಕ್ಕೆ ಕಾರಣ ಗಲ್ಲಾ. ನಮ್ಮ ಹಳೆಯ ಗಲ್ಲಾಕ್ಕೆ ಗೆದ್ದಲು ಹಿಡಿದಿತ್ತೆಂದು ಕಳೆದ ವಾರ ಹೊಸದು ಮಾಡಿಸಿದ್ದೆ. ಬಡಗಿ ನನ್ನ ಅಳತೆ ತೆಗೆದುಕೊಳ್ಳದೆ ಗಲ್ಲಾದ ಅಳತೆ ಮಾತ್ರ ತೆಗೆದುಕೊಂಡಿದ್ದ. ಇವತ್ತು ಬೆಳಗ್ಗಿನ ರಶ್ಶಿನಲ್ಲಿ, ಮೇಜು ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಹೊರಗೆ ಬರಲು ಹೋದವನು ಸಿಕ್ಕಿಕೊಂಡೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಆಫೀಸಿಗೆ ಹೊರಟ ಜನ ಬಿಲ್ ಚೀಟಿ ಹಿಡಿದು ಸಾಲಾಗಿ ನಿಂತು ದರ್ಶನ ಪಡೆದರು. ವೇಟರ್ ಹಣಮಂತ ತಟ್ಟೆಗಳನ್ನು ಬಿಟ್ಟು ಓಡಿ ಬಂದ. ವಿಜಯಪುರದ ಕಡೆಯವನು, ಮಾತಿಗೆ ಬ್ರೇಕಿಲ್ಲ.

"ಮಾಲಕ್ರ, ಉಸರು ಹೊರಗ ಬಿಡ್ರಿ. ಪೂರಾ ಬಿಡ್ರಿ. ನಾ ಎಳೀತೀನಿ."

"ಮೆಲ್ಲಗೆ ಮಾತಾಡು ಮಾರಾಯ."

"ಮಾತು ಮೆಲ್ಲಗ ಆಡ್ತೀನ್ರಿ, ಆದ್ರ ಮೆಲ್ಲಗ ಎಳದ್ರ ಬರೂದಿಲ್ರಿ!"

ಎಳೆದ. ಬಂದೆ. ಅಂಗಿಯ ಗುಂಡಿಯೊಂದು ಹಾರಿ, ದಿನಾ ಇಡ್ಲಿ ಪಾರ್ಸೆಲ್ ಒಯ್ಯಲು ಬರುವ ರುಕ್ಮಿಣಿಬಾಯಿಯವರ ಚೀಲದೊಳಗೆ ಬಿತ್ತು. ಅವರು ಅದನ್ನು ಹುಡುಕಿ ತೆಗೆದು, ಪ್ರಸಾದದಂತೆ ನನ್ನ ಅಂಗೈಯಲ್ಲಿಟ್ಟರು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಸಂಜೆ ಮಗಳು ನಮಿತಾ ಬಾಂದ್ರಾದ ಆಫೀಸಿನಿಂದ ಬರುವಾಗ ದೊಡ್ಡದೊಂದು ಡಬ್ಬ ತಂದಳು. ಬೆಳಗ್ಗೆ ತಿಂಡಿಯ ಬದಲು ಒಂದು ಶೇಕ್, ರಾತ್ರಿ ಊಟದ ಬದಲು ಒಂದು ಶೇಕ್. ಚಾಕೊಲೇಟ್ ಫ್ಲೇವರ್. ಮಧ್ಯಾಹ್ನ ಸೊಪ್ಪು ಮತ್ತು ದಾಲ್.

"ಪಪ್ಪಾ, ಆ್ಯಪ್‌ನಲ್ಲಿ ಹೇಳಿದೆ, ಡೈಲಿ ಲಿಖ್‌ನಾ ಹೈ. ಏನ್ ತಿಂದ್ರಿ, ಮತ್ತೆ... ಮನಸ್ಸು ಹೇಗಿತ್ತು ಅಂತ ಬರೀಬೇಕು. ಅದು ಇಂಪಾರ್ಟೆಂಟ್."

ತಿಂದದ್ದು: ಸಂಜೆಯಿಂದ ಏನೂ ಇಲ್ಲ. ಮನಸ್ಸು: ಗುಂಡಿ ಇಲ್ಲದ ಅಂಗಿ.

ಒಂದು ಷರತ್ತು ಹಾಕಿದ್ದೇನೆ. ಹೋಟೆಲಿನಲ್ಲಿ ಒಬ್ಬನಿಗೂ ಇದು ತಿಳಿಯಕೂಡದು. ಉಡುಪಿ ಹೋಟೆಲಿನವನೇ ಡಬ್ಬದ ಪುಡಿ ಕಲಸಿ ಕುಡಿಯುತ್ತಾನೆಂದರೆ, ಅರ್ಚಕರು ಎದುರಿನ ಗುಡಿಗೆ ಹೋಗಿ ಹರಕೆ ಹೊತ್ತ ಹಾಗೆ.

ಮಂಗಳವಾರ, 14 ಜನವರಿ

ಸಂಕ್ರಾಂತಿ. ಮರಾಠಿ ಗಿರಾಕಿಗಳೆಲ್ಲ ಎಳ್ಳುಂಡೆ ಕೊಟ್ಟು ಸಿಹಿಯಾಗಿ ಮಾತಾಡಿ ಎಂದು ಹರಸಿದರು. ಉಂಡೆಗಳನ್ನು ಜೇಬಿಗೆ ಹಾಕಿಕೊಂಡು ಸಿಹಿಯಾಗಿ ಮಾತಾಡಿದೆ. ಜೇಬಿನಲ್ಲಿ ಇರುವೆ.

ನಿಜವಾದ ಸಂಕಟ ಬೇರೆಯೇ. ಅಪ್ಪನ ಕಾಲದಿಂದ ನಮ್ಮಲ್ಲಿ ಒಂದು ಪದ್ಧತಿಯುಂಟು. ಶಟರ್ ಎತ್ತುವ ಮೊದಲು, ಆ ದಿನದ ಮೊದಲ ಇಡ್ಲಿ ಎರಡು, ಒಂದು ಬಟ್ಟಲು ಸಾಂಬಾರ್, ದೇವರ ಪಟದ ಮುಂದೆ. ಆಮೇಲೆ ಅದೇ ತಟ್ಟೆ ಮಾಲಕನ ಮುಂದೆ. ಮಾಲಕ ತಿಂದು "ಆಯ್ತು" ಎಂದರೆ ಮಾತ್ರ ಶಟರ್ ಏಳುತ್ತದೆ. ತಟ್ಟೆ ತರುವವರು ಧರ್ಮಣ್ಣ. ಅರವತ್ತು ದಾಟಿದ ನಮ್ಮ ಮುಖ್ಯ ಅಡುಗೆಯವರು, ಅಪ್ಪನ ಜೊತೆಯಲ್ಲೇ ಈ ಊರಿಗೆ ಬಂದವರು. ನಾನು ಗಲ್ಲಾದ ಕೆಳಗೆ ಕೂತು ಹೋಂವರ್ಕ್ ಮಾಡುತ್ತಿದ್ದಾಗ ಬಿಸಿ ಬನ್ಸ್ ತಂದು ಬಾಯಿಗಿಡುತ್ತಿದ್ದವರು. ಈಗಲೂ ನಾನು ಅವರಿಗೆ ನೀವು ಅನ್ನುತ್ತೇನೆ, ಅವರು ನನಗೆ ಧಣಿ ಅನ್ನುತ್ತಾರೆ. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ.

ಬೆಳಗ್ಗೆ ಮನೆಯಲ್ಲಿ ಶೇಕ್ ಕುಡಿದೇ ಹೋಗಿದ್ದೆ. ತಟ್ಟೆ ಬಂತು. ಒಂದೇ ಒಂದು ಚಮಚ ಸಾಂಬಾರ್, ಪದ್ಧತಿ ಮುರಿಯಬಾರದೆಂಬ ಒಂದೇ ಕಾರಣಕ್ಕೆ, ಎಂದುಕೊಂಡು ಬಾಯಿಗಿಟ್ಟೆ. ಆ ಚಮಚ ತನ್ನ ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಬಂತು. ಎಂಟು ಇಡ್ಲಿ.

ತಿಂದದ್ದು: ಮೇಲೆ ಹೇಳಿದ್ದು, ಜೊತೆಗೆ ಶೇಕ್. ಮನಸ್ಸು: ಕಳ್ಳನದು.

ಗುರುವಾರ, 16 ಜನವರಿ

ತೀರ್ಮಾನವಾಗಿದೆ. ಇದನ್ನು ಡಯಟ್ ಎಂದರೆ ನನ್ನಿಂದಾಗದು. ವ್ರತ ಎಂದರೆ ಆಗುತ್ತದೆ. ನಮ್ಮವರಿಗೆ ವ್ರತ ಎಂದರೆ ಹಸಿವಿಗೂ ಸ್ವಲ್ಪ ಹೆದರಿಕೆ. ಆದ್ದರಿಂದ ಈ ಮೂಲಕ ಘೋಷಿಸುವುದೇನೆಂದರೆ, ವ್ರತ ಮುಗಿಯುವವರೆಗೆ ಹೋಟೆಲಿನ ಒಂದು ಹನಿ ಸಾಂಬಾರೂ ನನ್ನ ನಾಲಿಗೆಗೆ ತಾಗತಕ್ಕದ್ದಲ್ಲ.

ತಟ್ಟೆ ಬಂದಾಗ, "ಕೂತು ಸಮಾಧಾನದಲ್ಲಿ ತಿನ್ನುತ್ತೇನೆ" ಎಂದು ಸ್ಟೋರ್ ರೂಮಿಗೆ ಒಯ್ದೆ. ಇಡ್ಲಿಯನ್ನು ಹಿಂದಿನ ಕಿಟಕಿಯಿಂದ ಕಾಗೆಗಳಿಗೆ ಹಾಕಿದೆ. ಅದು ಪುಣ್ಯದ ಖಾತೆಗೆ. ಸಾಂಬಾರನ್ನು ಕೈ ತೊಳೆಯುವ ಸಿಂಕಿಗೆ ಸುರಿದು ನಲ್ಲಿ ತಿರುಗಿಸಿದೆ. ಅದು ಯಾವ ಖಾತೆಗೆ ಗೊತ್ತಿಲ್ಲ. ಸಾಸಿವೆಯೊಂದು ಜಾಲರಿಗೆ ಅಂಟಿಕೊಂಡು ಹೋಗಲೊಲ್ಲದೆ ಕೂತಿತು. ಬೆರಳಿನಿಂದ ನೂಕಿದೆ.

ಹೊರಗೆ ಬಂದು "ಆಯ್ತು, ಫಸ್ಟ್ ಕ್ಲಾಸ್" ಎಂದೆ. ಧರ್ಮಣ್ಣ ಅಲ್ಲಿಯೇ ನಿಂತಿದ್ದರು.

"ಉಪ್ಪು ಸರಿ ಉಂಟಾ ಧಣಿ?"

"ಸರಿ ಉಂಟು."

"ಹುಳಿ?"

"ಎಲ್ಲ ಸರಿ ಉಂಟು ಮಾರಾಯ್ರೆ."

ಇಷ್ಟು ವರ್ಷದಲ್ಲಿ ಇವರು ಹೀಗೆ ಕೇಳಿದವರಲ್ಲ. ತಟ್ಟೆ ಇಟ್ಟು ಬೆನ್ನು ಹಾಕಿ ಹೋಗುವುದೇ ಅವರ ಠೀವಿ. ಡಿಸೆಂಬರಿನಲ್ಲಿ ಕೆಟ್ಟ ಜ್ವರ ಬಂದು ಹತ್ತು ಹದಿನೈದು ದಿನ ಮಲಗಿದ್ದರು. ಅದರಿಂದ ಸ್ವಲ್ಪ ಮೆತ್ತಗಾಗಿರಬೇಕು. ಅಥವಾ ನನ್ನ ಮೇಲೆ ಅನುಮಾನವೋ?

ತಿಂದದ್ದು: ಶೇಕ್. ಮನಸ್ಸು: ಪರೀಕ್ಷೆಯಲ್ಲಿ ಚೀಟಿ ನುಂಗಿದವನದು.

ಮಂಗಳವಾರ, 21 ಜನವರಿ

ಶೇಕ್ ಕುಡಿಯುವ ವಿದ್ಯೆಯಲ್ಲಿ ನಾನೀಗ ಪಳಗಿದವನು. ಮನೆಯಲ್ಲಿ ಕುಡಿದರೆ ಹತ್ತು ಗಂಟೆಗೇ ಹೊಟ್ಟೆ ಗಲ್ಲಾ ಬಡಿಯುತ್ತದೆ. ಹೀಗಾಗಿ ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದು, ಕಾಫಿ ಕುಡಿಯುವ ಸ್ಟೀಲ್ ಲೋಟದಲ್ಲೇ ಕಲಸಿ, ಗಲ್ಲಾದ ಹಿಂದೆ ಬಗ್ಗಿ ಕುಡಿಯುತ್ತೇನೆ. ಗಂಟುಗಳಾಗುತ್ತವೆ. ಹೋಟೆಲಿನಲ್ಲಿ ಬೆಳೆದವನಿಗೆ ಹಿಟ್ಟನ್ನು ಗಂಟಿಲ್ಲದೆ ಕಲಸಲು ಬರದಿರುವುದು ಅಪಮಾನ. ಆದರೆ ಕಲಸುವ ಸದ್ದು ಕೇಳಿದರೆ ಅದು ಇನ್ನೂ ದೊಡ್ಡ ಅಪಮಾನ.

ಹಣಮಂತ ಬಿಲ್ ಕೊಡಲು ಬಂದವನು ನನ್ನ ಮುಖವನ್ನೇ ನೋಡಿದ.

"ಮಾಲಕ್ರ, ಇವತ್ತ ಕಾಫಿ ಭಾಳ ದಪ್ಪ ಅದ ಏನ್ರಿ?"

"ಯಾಕೆ?"

"ಮೀಸಿ ಬಂದಾವ್ರಿ."

ನಾನು ಮೀಸೆ ಬೋಳಿಸಿ ಎಷ್ಟೋ ಕಾಲವಾಯಿತು. ಒರೆಸಿಕೊಂಡೆ. ಅವನು ಹೋದ ಮೇಲೆ ಒರೆಸಿದ ಕರವಸ್ತ್ರವನ್ನೂ ಅಡಗಿಸಿದೆ.

ಸುದ್ದಿ: ತೂಕ ಇಳಿಯುತ್ತಿದೆ. ನಮಿತಾ ಚಪ್ಪಾಳೆ ತಟ್ಟಿದಳು. ಹೆಂಡತಿ ಸೇವಂತಿ ಮಾತ್ರ ಪ್ಯಾಂಟನ್ನು ಎತ್ತಿ ಹಿಡಿದು ನೋಡಿ, "ಇಳಿದದ್ದು ಒಳ್ಳೆಯದೇ. ಆದ್ರೆ ಇಷ್ಟೊಂದು ಸಿಟ್ಟು ಎಲ್ಲಿಂದ ಹತ್ತಿತು ನಿಮಗೆ?" ಎಂದಳು. ನನಗೆ ಸಿಟ್ಟಿಲ್ಲ. ಜನ ಒಂದು ಮಾತನ್ನು ಸುಮ್ಮನೆ ಉದ್ದ ಮಾಡುತ್ತಾರೆ, ಅಷ್ಟೆ.

ಬುಧವಾರ, 29 ಜನವರಿ

ತೆಳ್ಳಗಾಗುವ ಉಡುಪಿ ಹೋಟೆಲ್ ಮಾಲಕನಿಗೆ ಸಮಾಜದಲ್ಲಿ ಸ್ಥಾನವಿಲ್ಲ. ತರಕಾರಿಯವನು ಹೋಟೆಲ್ ಮಾರುತ್ತೀರಂತೆ ಹೌದಾ ಎಂದು ಕೇಳಿದ. ಹಾಲಿನವನು ಯಾವ ಆಸ್ಪತ್ರೆ ಎಂದು ಕೇಳಿದ. ರುಕ್ಮಿಣಿಬಾಯಿ ಪಾರ್ಸೆಲ್ ತೆಗೆದುಕೊಳ್ಳುತ್ತ, "ಶೇಠ, ತಬ್ಯೇತ್ ಬರೀ ಆಹೇ ನಾ? ಕಿತೀ ಬಾರೀಕ್ ಝಾಲಾತ್!" ಎಂದು ನಾನು ಸೊರಗಿದ್ದಕ್ಕೆ ಮರುಗಿ, ನನ್ನ ಹಣೆಗೆ ದೇವರ ಬೂದಿ ಹಚ್ಚಿದರು. ಆರೋಗ್ಯ ಚೆನ್ನಾಗಿದೆ ಎಂದು ಹೇಳುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದರು: ಈಚೆಗೆ ನಿಮ್ಮ ಸಾಂಬಾರ್ ಅಳಣಿ, ಉಪ್ಪೇ ಇರುವುದಿಲ್ಲ, ಮನೆಯಲ್ಲಿ ನಾವು ಮೇಲಿಂದ ಹಾಕಿಕೊಳ್ಳುತ್ತೇವೆ.

ವಯಸ್ಸಾದವರ ನಾಲಿಗೆ ಎಂದು ನಕ್ಕುಬಿಟ್ಟೆ. ಒಳಗೆ ಹೋಗಿ ರುಚಿ ನೋಡಬಹುದಿತ್ತು. ವ್ರತ.

"ಗಿರಾಕಿ ಅಳಣಿ ಅಂತಾರ" ಎಂದು ಹಣಮಂತ ಅಡುಗೆಮನೆಗೆ ಮುಟ್ಟಿಸಿದನಂತೆ. ಮುಟ್ಟಿಸಲಿ.

ತಿಂದದ್ದು: ಶೇಕ್, ಸೊಪ್ಪು, ಶೇಕ್. ಮನಸ್ಸು: ಕೇಳಬೇಡಿ.

ಬುಧವಾರ, 5 ಫೆಬ್ರವರಿ

ಗಲ್ಲಾದ ಸಂದಿಯಲ್ಲಿ ಇವತ್ತು ನೆಟ್ಟಗೆ ನಡೆದು ಹೊರಗೆ ಬಂದೆ. ಅಡ್ಡ ತಿರುಗಲಿಲ್ಲ, ಉಸಿರು ಹಿಡಿಯಲಿಲ್ಲ. ಯಾರೂ ನೋಡಲಿಲ್ಲ. ಮತ್ತೆ ಒಳಗೆ ಹೋಗಿ ಇನ್ನೊಮ್ಮೆ ಬಂದೆ. ಆಗಲೂ ನೋಡಲಿಲ್ಲ.

ಹೋಟೆಲಿನಲ್ಲಿ ಈಗ ಶಿಸ್ತು ಬಂದಿದೆ. ಹಣಮಂತನೂ ಚೇಷ್ಟೆ ಬಿಟ್ಟು ಕೆಲಸ ನೋಡುತ್ತಾನೆ. ನಾನು ಹತ್ತಿರ ಹೋದರೆ ಹುಡುಗರು ಮಾತು ನಿಲ್ಲಿಸುತ್ತಾರೆ.

ಧರ್ಮಣ್ಣ ಮಾತ್ರ ಅದೇ ರಾಗ. ಉಪ್ಪು ಸರಿ ಉಂಟಾ? ಹುಳಿ ಸರಿ ಉಂಟಾ? ಇಂಗು ಹೆಚ್ಚಾಯ್ತಾ? "ತಲೆ ತಿನ್ನಬೇಡಿ, ನೀವೇ ಅಲ್ವಾ ಮಾಡಿದ್ದು?" ಎಂದೆ. ಅವರು ಹೆಗಲ ಮೇಲಿನ ಟವೆಲನ್ನು ಎಡದಿಂದ ಬಲಕ್ಕೆ ಹಾಕಿಕೊಂಡು, "ಅದು ಹೌದು" ಎಂದು ಹೋದರು.

ಮಂಗಳವಾರ, 11 ಫೆಬ್ರವರಿ

ಹೋಟೆಲಿನಲ್ಲಿ ಇವತ್ತು ಸಣ್ಣ ಗಲಾಟೆ. ಸಾಂಬಾರಿಗೆ ಉಪ್ಪು ಹೆಚ್ಚಾಗಿತ್ತು. ಅಡುಗೆಯವರಿಗೆ ಎರಡು ಮಾತು ಹೇಳಬೇಕಾಯಿತು. ಮಾಲಕನಾದವನು ಹೇಳದಿದ್ದರೆ ಹೇಗೆ?

ಶೇಕ್ ಕುಡಿದೆ.

ಬುಧವಾರ, 12 ಫೆಬ್ರವರಿ

ಧರ್ಮಣ್ಣ ಇಲ್ಲ.

ಮಹಡಿಯ ಸ್ಟಾಫ್ ರೂಮಿನಲ್ಲಿ ಅವರ ಟ್ರಂಕ್ ಇಲ್ಲ. ಟವೆಲ್ ಒಂದು ಮಡಚಿ ಇಡ್ಲಿ ಪಾತ್ರೆಯ ಮೇಲಿತ್ತು.

ಗುರುವಾರ, 13 ಫೆಬ್ರವರಿ

ಮೊನ್ನೆಯದನ್ನು ಸರಿಯಾಗಿ ಬರೆದಿಲ್ಲ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆಯುವಷ್ಟು ಮುಂದುವರಿದಿದ್ದೇನೆ. ಈಗ ಬರೆಯುತ್ತೇನೆ.

ಬೆಳಗ್ಗೆ ಧರ್ಮಣ್ಣ ತಟ್ಟೆ ತಂದರು. "ಅಳಣಿ ಅಂತ ಕಂಪ್ಲೇಂಟ್ ಉಂಟಂತೆ. ಇವತ್ತು ಉಪ್ಪು ಸ್ವಲ್ಪ ಮುಂದೆ ಹಾಕಿದ್ದೇನೆ. ಸರಿಯಾಗಿ ನೋಡಿ ಹೇಳಿ ಧಣಿ" ಎಂದರು. ನಾನು ಸ್ಟೋರ್ ರೂಮಿಗೆ ಹೋದೆ, ಕಾಗೆಗಳಿಗೆ ಹಾಕಿದೆ, ಸಿಂಕಿಗೆ ಸುರಿದೆ, ಬಂದೆ. "ಈಗ ಸರಿಯಾಯ್ತು ನೋಡಿ. ಫಸ್ಟ್ ಕ್ಲಾಸ್." ಅವರ ಮುಖ ಒಮ್ಮೆಲೇ ಹಗುರಾಯಿತು. ಶಟರ್ ಎತ್ತಿದರು.

ಮೊದಲು ಒಂದು ಟೇಬಲಿನವನು ಥೂ ಎಂದ. ಆಮೇಲೆ ಪಕ್ಕದ ಟೇಬಲು. ತಟ್ಟೆಗಳು ಒಂದೊಂದಾಗಿ ವಾಪಸು ಬರತೊಡಗಿದವು. ಅಷ್ಟರಲ್ಲಿ ರುಕ್ಮಿಣಿಬಾಯಿ ಪಾರ್ಸೆಲ್ ಹಿಡಿದುಕೊಂಡು ತಿರುಗಿ ಬಂದು, ಸಾಂಬಾರಿನ ಪೊಟ್ಟಣ ಬಿಚ್ಚಿ ಗಲ್ಲಾದ ಮೇಲಿಟ್ಟು, "ತುಮ್ಹೀ ಖಾಊನ್ ಬಘಾ" ಎಂದರು. ನೀವೇ ತಿಂದು ನೋಡಿ. ಇಡೀ ಹೋಟೆಲು ನೋಡುತ್ತಿತ್ತು. ಬೆರಳದ್ದಿ ಬಾಯಿಗಿಟ್ಟೆ. ಅದು ಸಾಂಬಾರಲ್ಲ, ಸಮುದ್ರ.

ಹಣಮಂತ ಪಾಪ, ಕೆಟ್ಟ ಮನಸ್ಸಿನಿಂದಲ್ಲ, ಕೇಳಿಯೇಬಿಟ್ಟ: "ಮುಂಜಾನಿ ನೀವ ತಿಂದೀರಲ್ಲ ಮಾಲಕ್ರ?"

ಆಗ ನನ್ನ ಮುಂದೆ ಎರಡು ದಾರಿ ಇತ್ತು. ತಿಂದಿಲ್ಲ ಎನ್ನಬಹುದಿತ್ತು. ಒಂದೇ ಶಬ್ದ. ಆದರೆ ಆ ಒಂದು ಶಬ್ದದ ಹಿಂದೆ ಕಾಗೆ, ಸಿಂಕು, ಲೋಟ, ಚಾಕೊಲೇಟು ಎಲ್ಲ ಮೆರವಣಿಗೆ ಬರುತ್ತಿತ್ತು. ನಾನು ಅಡುಗೆಮನೆಯ ಕಡೆ ತಿರುಗಿ ಕೂಗಿದೆ. ತುಳುವಿನಲ್ಲಲ್ಲ. ಗಿರಾಕಿಗಳಿಗೆ ಅರ್ಥವಾಗಲೆಂದು ಹಿಂದಿಯಲ್ಲಿ.

"ಜುಬಾನ್ ಮರ್ ಗಯೀ ಹೈ ಕ್ಯಾ ತೇರೀ? ಮುಝೇ ಅಚ್ಛಾ ವಾಲಾ ದೇತಾ ಹೈ, ಗಿರಾಕೀ ಕೋ ಯೇ?"

ನಾಲಿಗೆ ಸತ್ತಿದೆಯಾ ನಿನ್ನದು ಎಂದೆ. ನನಗೆ ಒಳ್ಳೆಯದು ಕೊಟ್ಟು ಗಿರಾಕಿಗೆ ಇದನ್ನು ಕೊಡುತ್ತೀಯಾ ಎಂದೆ. 'ತೇರೀ' ಎಂದೆ. ನನ್ನ ಬಾಯಿಗೆ ಬನ್ಸ್ ಇಟ್ಟವರಿಗೆ.

ಧರ್ಮಣ್ಣ ಅಡುಗೆಮನೆಯ ಬಾಗಿಲಿಗೆ ಬಂದರು. ಸೌಟು ಕೈಯಲ್ಲಿತ್ತು. ಮುಖ ಬಿಳುಚಿಹೋಗಿತ್ತು. ಸಿಟ್ಟಿನಿಂದ ಬಂದವರ ಮುಖವಲ್ಲ ಅದು. ಎಲ್ಲರೆದುರು ಪಂಚೆ ಬಿಚ್ಚಿಹೋದವರ ಮುಖ. ತಿರುಗಿ ಒಳಗೆ ಹೋದರು. ನನ್ನ ಪರವಾಗಿ ನಾಲ್ಕು ಗಿರಾಕಿಗಳು ತಲೆಯಾಡಿಸಿದರು. ಆ ಕ್ಷಣ ನನಗೆ ಸಮಾಧಾನವಾಯಿತು ಎಂಬುದನ್ನೂ ಬರೆಯಬೇಕು.

ಇವತ್ತು ಕೈಕೆಳಗಿನ ಅಡುಗೆಯವನು ಮಾಡಿದ ಇಡ್ಲಿಯನ್ನು ಕಾಗೆಗಳಿಗೆ ಹಾಕಲು ಕಿಟಕಿ ತೆರೆದಾಗ ಹಿಂದಿನಿಂದ ಹಣಮಂತನ ದನಿ.

"ಮಾಲಕ್ರ, ಒಂದ ಮಾತ ಹೇಳ್ಲೇನ್ರಿ? ಸಿಟ್ಟಿಗೇಳಬ್ಯಾಡ್ರಿ."

"ಏನು?"

"ಕಾಗಿ ದಪ್ಪ ಆಗ್ಯಾವ್ರಿ."

ನಾನು ತಟ್ಟೆ ಹಿಡಿದುಕೊಂಡೇ ನಿಂತೆ.

"ಭಾಳ ದಿನದಿಂದ ನೋಡಾಕತ್ತೀನ್ರಿ. ನಿಮ್ಮ ಹೊಟ್ಟಿ, ನಿಮ್ಮ ಕಾಗಿ, ನನಗೇನ್ರಿ. ಆದ್ರ ಆ ಮನಶ್ಯಾ ಮಂಗಳವಾರದಿಂದ ಅನ್ನ ಮುಟ್ಟಿಲ್ಲಂತ. ಧಾರಾವ್ಯಾಗ ಅವರ ಅಳಿಯ ಸಂತು ಅದಾನಲ್ರಿ, ಚೀಲ ಹೊಲಿಯಾಂವ? ಅಲ್ಲಿ ಅದಾರ. ಫೋನ್ ಮಾಡಿದ್ದೆ."

ಮನೆಗೆ ಬಂದು ಸೇವಂತಿಗೆ ಹೇಳಿದೆ. ಪೂರ್ತಿ ಹೇಳಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಮ್ಮ ಮದುವೆಗೆ ಪಾಯಸ ಮಾಡಿದ್ದು ಅವರು. ನಮಿತಾ ಹುಟ್ಟಿದಾಗ ನನಗೆ ಬಾಣಂತಿ ಸಾರು ಡಬ್ಬಿಯಲ್ಲಿ ಹಾಕಿಸಿ ಕಳಿಸುತ್ತಿದ್ದದ್ದು ಅವರು. ಅವರಿಗೆ 'ತೇರೀ' ಅಂದ್ರಾ?"

"ಹ್ಞೂಂ."

"ಒಂದು ಲೋಟ ಹಾಲಿನ ಪುಡಿ ಮುಚ್ಚಿಡಲಿಕ್ಕೆ?"

ಅದು ಹಾಲಿನ ಪುಡಿಯಲ್ಲ, ಪ್ರೋಟೀನ್ ಮಿಶ್ರಣ ಎಂದು ತಿದ್ದುವ ಮನಸ್ಸಾಯಿತು. ದೇವರು ದೊಡ್ಡವನು, ತಿದ್ದಲಿಲ್ಲ.

ತಿಂದದ್ದು: ಏನೂ ಇಲ್ಲ. ವ್ರತವಲ್ಲ, ಇಳಿಯಲಿಲ್ಲ.

ಭಾನುವಾರ, 16 ಫೆಬ್ರವರಿ

ಧಾರಾವಿಗೆ ಹೋಗಿದ್ದೆ. ಶುಕ್ರವಾರವೇ ಹೊರಟು ಸ್ಟೇಷನ್ನಿನವರೆಗೆ ಹೋಗಿ ಹಿಂದೆ ಬಂದಿದ್ದೆ. ಶನಿವಾರ ಟಿಕೆಟ್ಟನ್ನೂ ತೆಗೆದು ಹಿಂದೆ ಬಂದಿದ್ದೆ. ಇವತ್ತು ಸೇವಂತಿ ಪ್ಲಾಟ್‌ಫಾರ್ಮಿನವರೆಗೆ ಬಂದು ಲೋಕಲ್ ಹತ್ತಿಸಿದಳು, ಶಾಲೆಗೆ ಹೋಗಲೊಲ್ಲದ ಮಗುವನ್ನು ಹತ್ತಿಸುವ ಹಾಗೆ. ಸಾಯನ್‌ನಲ್ಲಿ ಇಳಿದು ನಡೆದೆ.

ಸಂತುವಿನ ಕೋಣೆ ಒಂದು ಕಬ್ಬಿಣದ ಏಣಿಯ ಮೇಲೆ. ಕೆಳಗೆ ಮಿಶಿನ್‌ಗಳು, ಮೇಲೆ ಮನೆ. ತಿಂಗಳ ಹಿಂದಾಗಿದ್ದರೆ ಆ ಏಣಿ ನನ್ನನ್ನು ಹೊರುತ್ತಿರಲಿಲ್ಲ. ತೂಕ ಇಳಿದದ್ದರ ಪ್ರಯೋಜನ ಮೊದಲ ಬಾರಿ ಸಿಕ್ಕಿತು, ಅದೂ ಇಂಥ ಕೆಲಸಕ್ಕೆ.

ಧರ್ಮಣ್ಣ ನೆಲದ ಮೇಲೆ ಕೂತು ಹೊಲಿದ ಚೀಲಗಳ ಉಳಿದ ದಾರ ಕತ್ತರಿಸುತ್ತಿದ್ದರು. ನನ್ನನ್ನು ನೋಡಿ ಏಳಲು ಹೋದರು. ಕೂತುಕೊಳ್ಳಿ ಎಂದೆ. ಸಂತು ಚಾ ತರುತ್ತೇನೆಂದು ಕೆಳಗಿಳಿದ.

ನಾನು ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಸಂಘದ ವಾರ್ಷಿಕೋತ್ಸವಕ್ಕೆ ಸಾಕಾಗುವಷ್ಟು. ಬಾಯಿ ತೆರೆದಾಗ ಬಂದದ್ದು ಇಷ್ಟೇ:

"ಧರ್ಮಣ್ಣ, ನಾನು ಆವತ್ತು ತಿಂದಿರಲಿಲ್ಲ. ಆವತ್ತೊಂದೇ ಅಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನವೂ ತಿಂದಿಲ್ಲ. ತೆಳ್ಳಗಾಗಬೇಕು ಅಂತ ಡಬ್ಬದ ಪುಡಿ ಕುಡಿಯುತ್ತಿದ್ದೆ. ನಿಮ್ಮ ಸಾಂಬಾರನ್ನು ಸಿಂಕಿಗೆ ಚೆಲ್ಲುತ್ತಿದ್ದೆ."

ಬೈಯುತ್ತಾರೆ ಎಂದುಕೊಂಡೆ. ಅವರು ಕತ್ತರಿ ಕೆಳಗಿಟ್ಟರು.

"ಹಾಗಾದ್ರೆ ನಿಮಗೆ ಗೊತ್ತಿರಲಿಲ್ವಾ?"

"ಏನು?"

ಅವರು ಏಣಿಯ ಕಡೆ ನೋಡಿ, ಸಂತು ಇನ್ನೂ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

"ಆ ಜ್ವರ ಬಿಟ್ಟ ಮೇಲೆ ನನಗೆ ಎಂತದೂ ಗೊತ್ತಾಗುದಿಲ್ಲ ಧಣಿ. ಉಪ್ಪು ಇಲ್ಲ, ಹುಳಿ ಇಲ್ಲ. ಒಗ್ಗರಣೆ ಹಾಕಿದ್ರೆ ಸದ್ದು ಕೇಳ್ತದೆ, ಪರಿಮಳ ಇಲ್ಲ. ಕಾಫಿ ಅಂದ್ರೆ ಬಿಸಿನೀರು. ಇವತ್ತು ಬರ್ತದೆ, ನಾಳೆ ಬರ್ತದೆ ಅಂತ ಕೈಯಂದಾಜಿನಲ್ಲಿ ಹಾಕ್ತಾ ಇದ್ದೆ. ನೀವು ತಿಂದು ಸರಿ ಉಂಟು ಅಂದ್ರೆ ಸರಿ ಅಂತ. ನಿಮ್ಮ ನಾಲಿಗೆ ಒಂದನ್ನೇ ನಂಬಿಕೊಂಡಿದ್ದೆ."

ಕೆಳಗೆ ಒಂದು ಮಿಶಿನ್ ಓಡುತ್ತಿತ್ತು.

"ಯಾರಿಗಾದರೂ ಹೇಳಬಹುದಿತ್ತಲ್ಲ?"

"ಯಾರಿಗೆ ಹೇಳುದು? ರುಚಿ ಗೊತ್ತಾಗದ ಅಡುಗೆಯವನನ್ನು ಯಾರು ಇಟ್ಟುಕೊಳ್ತಾರೆ? ಬೇರೆ ಕೆಲಸ ನನಗೆ ಬರುದಿಲ್ಲ ಮಾರಾಯ್ರೆ." ದಾರದ ತುಂಡುಗಳನ್ನು ಗುಡ್ಡೆ ಮಾಡುತ್ತ ಹೇಳಿದರು, "ನಾಲಿಗೆ ಸತ್ತಿದೆಯಾ ಅಂದ್ರಲ್ಲ ಆವತ್ತು... ನಿಮಗೆ ಹೇಗೋ ಗೊತ್ತಾಯ್ತು, ಅದಕ್ಕೇ ಎಲ್ಲರೆದುರು ಹೇಳಿದ್ರಿ ಅಂತ ತಿಳಿದೆ. ಇನ್ನು ಆ ಅಡುಗೆಮನೆಯಲ್ಲಿ ಹೇಗೆ ನಿಲ್ಲುದು?"

ಹಾಸ್ಯ ಲೇಖಕನೆಂದು ಸ್ಮರಣ ಸಂಚಿಕೆಯಲ್ಲಿ ಫೋಟೋ ಹಾಕಿಸಿಕೊಂಡವನು ನಾನು. ಸಿಟ್ಟಿನಲ್ಲಿ ಸಿಕ್ಕಿದ ಒಂದು ಮಾತನ್ನು ಬೀಸಿ ಒಗೆದಿದ್ದೆ. ಅದು ಹೋಗಿ ಆ ಮನುಷ್ಯ ಇಡೀ ಮುಂಬಯಿಯಿಂದ ಮುಚ್ಚಿಟ್ಟುಕೊಂಡಿದ್ದ ಜಾಗಕ್ಕೇ ತಾಗಿತ್ತು. ಅವರು ನನ್ನ ನಾಲಿಗೆಯನ್ನು ಊರುಗೋಲು ಮಾಡಿಕೊಂಡು ನಡೆಯುತ್ತಿದ್ದರು. ನಾನು ಅದನ್ನು ಗಲ್ಲಾದ ಹಿಂದೆ ಚಾಕೊಲೇಟಿನಲ್ಲಿ ಅದ್ದಿಕೊಂಡು ಕೂತಿದ್ದೆ.

ಸಂತು ಚಾ ತಂದ. ಇನ್ನೊಂದು ತಟ್ಟೆಯಲ್ಲಿ ಅನ್ನ, ಮೇಲೆ ಬೇಳೆ ಸಾರು. "ಮಾಮನೇ ಮಾಡಿದ್ದು, ಊಟ ಮಾಡಿ ಹೋಗಿ" ಎಂದ. ಧರ್ಮಣ್ಣ ನನ್ನನ್ನು ನೋಡಿದರು. ಏನೂ ಕೇಳಲಿಲ್ಲ. ನಾನು ಒಂದು ತುತ್ತು ಕಲಸಿ ಬಾಯಿಗಿಟ್ಟು, ಜಗಿದು, ನುಂಗಿದೆ. ಸಂತು ಮತ್ತೆ ಮಿಶಿನ್ನಿಗೆ ಇಳಿಯುವವರೆಗೆ ಕಾದೆ.

"ಉಪ್ಪು ಕಮ್ಮಿ" ಎಂದೆ. "ಹುಳಿ ಸ್ವಲ್ಪ ಮುಂದೆ."

"ಎಷ್ಟು ಕಮ್ಮಿ?"

"ಎರಡು ಚಿಟಿಕೆ."

ಅವರು ಹಾಕಿದರು. ಕಲಸಿದರು. ನಾನು ತಿಂದೆ. ಇನ್ನೊಂದು ಚಿಟಿಕೆ ಎಂದೆ. ಹಾಗೆ ಹಾಕುತ್ತ ತಿನ್ನುತ್ತ ತಟ್ಟೆ ಖಾಲಿಯಾಯಿತು. "ನಾಳೆ ಇಡ್ಲಿಗೆ ನೆನೆಹಾಕಿದ್ದಾರಾ?" ಎಂದು ಕೇಳಿದರು. ಹಾಕಿದ್ದಾರೆ, ಆದರೆ ಉದ್ದು ಕಮ್ಮಿ ಹಾಕಿರಬೇಕು ಎಂದೆ. "ಆ ಹುಡುಗನಿಗೆ ಯಾವಾಗಲೂ ಉದ್ದಿನಲ್ಲಿ ಪಿಟ್ಟಾಸಿ, ಕೈ ಬಿಗಿ" ಎಂದು ಗೊಣಗಿ ಟ್ರಂಕ್ ಎಳೆದರು.

ಟ್ರಂಕನ್ನು ಏಣಿಯಲ್ಲಿ ಇಳಿಸಿದವನು ನಾನು. ಅವರು ಬೇಡವೆಂದರು. ಎರಡನೆಯ ಸಲ ಬೇಡವೆನ್ನಲಿಲ್ಲ.

ಸೋಮವಾರ, 17 ಫೆಬ್ರವರಿ

ಬೆಳಗ್ಗೆ ಶಟರ್ ಎತ್ತುವ ಮೊದಲು ಹುಡುಗರನ್ನೆಲ್ಲ ಸೇರಿಸಿ, ತಪ್ಪು ನನ್ನದು, ಧರ್ಮಣ್ಣನದಲ್ಲ ಎಂದು ತುಳುವಿನಲ್ಲಿ ಹೇಳಿದೆ. ಕಷ್ಟವಾಯಿತು, ಆದರೂ ಹೇಳಿದೆ. ಮುಗಿಯಿತು ಎಂದು ಗಲ್ಲಾಕ್ಕೆ ಹೋಗುವಾಗ ಹಣಮಂತ ಅಡ್ಡ ಬಂದ.

"ಬೈದದ್ದ ಹಿಂದ್ಯಾಗ, ಮಾಫಿ ತುಳುವಿನ್ಯಾಗ ಏನ್ರಿ ಮಾಲಕ್ರ?"

"ಈಗೆಂತ ಮಾಡಬೇಕು?"

"ಎಂಟೂವರಿಗೆ ರಶ್ ಆಗ್ತದಲ್ರಿ."

ಎಂಟೂವರೆಗೆ, ಹೋಟೆಲು ತುಂಬಿದ್ದಾಗ, ಗಲ್ಲಾದ ಹಿಂದಿನಿಂದ ಹೊರಗೆ ಬಂದು ನಿಂತೆ. ಧರ್ಮಣ್ಣ ಅಡುಗೆಮನೆಯ ಬಾಗಿಲಲ್ಲಿದ್ದರು. "ಮೈನೇ ಚಖಾ ನಹೀ ಥಾ" ಎಂದೆ. ನಾನು ರುಚಿ ನೋಡಿರಲಿಲ್ಲ. "ಧರ್ಮಣ್ಣ ಕೀ ಗಲತೀ ನಹೀ. ಮೈ ಝೂಠ್ ಬೋಲಾ." ತಪ್ಪು ಅವರದಲ್ಲ, ಸುಳ್ಳು ಹೇಳಿದವನು ನಾನು. ಅರ್ಧ ಜನ ಫೋನಿನಿಂದ ತಲೆ ಎತ್ತಲಿಲ್ಲ. ಒಬ್ಬ ಎತ್ತಿ, "ಠೀಕ್ ಹೈ ಶೇಠ್, ಏಕ್ ಕಟಿಂಗ್ ಭೇಜೋ" ಎಂದು ಅರ್ಧ ಲೋಟ ಚಾ ಕೇಳಿದ. ರುಕ್ಮಿಣಿಬಾಯಿ ಮಾತ್ರ ಪೂರ್ತಿ ಕೇಳಿ, ಪಾರ್ಸೆಲ್ಲಿಗೆ ಡಬ್ಬಿ ಮುಂದಿಟ್ಟರು.

ಆ ಮನುಷ್ಯನ ನಾಲಿಗೆಯ ಸಂಗತಿ ಹೇಳಲಿಲ್ಲ. ಹಣಮಂತನಿಗೂ ಹೇಳಿಲ್ಲ, ಸೇವಂತಿಗೂ ಹೇಳಿಲ್ಲ.

ಭಾನುವಾರ, 2 ಮಾರ್ಚ್

ಶೇಕ್ ಬಿಟ್ಟಿಲ್ಲ. ರಾತ್ರಿಗೆ ಮಾತ್ರ, ಗಾಜಿನ ಗ್ಲಾಸಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಹಣಮಂತ ಅದಕ್ಕೆ 'ಮಾಲಕರ ಸ್ಪೆಷಲ್' ಎಂದು ಹೆಸರಿಟ್ಟಿದ್ದಾನೆ, ಇಬ್ಬರು ಗಿರಾಕಿಗಳು ಬೆಲೆ ಕೇಳಿದರು. ತೂಕ ಸ್ವಲ್ಪ ಏರಿದೆ. ಇರಲಿ.

ಧರ್ಮಣ್ಣನನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿದ್ದೆ. ಜ್ವರದ ನಂತರ ಕೆಲವರಿಗೆ ಹೀಗಾಗುತ್ತದಂತೆ. ಬರಬಹುದು, ನಿಧಾನವಾಗಬಹುದು, ಬಾರದೆಯೂ ಇರಬಹುದು ಎಂದರು. ಹೊರಗೆ ಬಂದಾಗ ಧರ್ಮಣ್ಣ ಹೇಳಿದ್ದು, "ಅವರಿಗೂ ಗೊತ್ತಿಲ್ಲ."

ಈಗ ದಿನಾ ಬೆಳಗ್ಗೆ ಗಲ್ಲಾದಲ್ಲೇ ಕೂತು ತಿನ್ನುತ್ತೇನೆ. ಅರ್ಧ ಇಡ್ಲಿ, ನಾಲ್ಕು ಚಮಚ ಸಾಂಬಾರ್. ಧರ್ಮಣ್ಣ ಎದುರು ನಿಲ್ಲುತ್ತಾರೆ. ಮೊದಲೆಲ್ಲ ನನ್ನ ಮುಖ ನೋಡುತ್ತಿದ್ದರು. ಈಗ ಗಂಟಲು ನೋಡುತ್ತಾರೆ. ತುತ್ತು ಕೆಳಗೆ ಇಳಿದದ್ದು ಕಾಣುವವರೆಗೆ ಕಣ್ಣು ತೆಗೆಯುವುದಿಲ್ಲ. ಸಿಟ್ಟಿಲ್ಲ, ಚುಚ್ಚುಮಾತಿಲ್ಲ. ಇಳಿದ ಮೇಲೆ, "ಹೇಳಿ ಧಣಿ" ಎನ್ನುತ್ತಾರೆ. ನಾನು ಇದ್ದದ್ದನ್ನು ಹೇಳುತ್ತೇನೆ. ಮುಖ ಎತ್ತಿ ಹೇಳಲು ಇನ್ನೂ ಆಗುವುದಿಲ್ಲ. ಬಟ್ಟಲು ನೋಡಿಕೊಂಡು ಹೇಳುತ್ತೇನೆ.

ಆದರೂ ಒಂದೊಂದು ದಿನ ಲೆಕ್ಕ ತಪ್ಪುತ್ತದೆ. ಮೊದಲ ಪಾತ್ರೆ ಸರಿಯಿದ್ದು ಎರಡನೆಯದು ಕೆಡುತ್ತದೆ, ಅಷ್ಟು ಹೊತ್ತಿಗೆ ನಾನು ಚಿಲ್ಲರೆ ಎಣಿಸುತ್ತಿರುತ್ತೇನೆ. ಆದ್ದರಿಂದ ಓದುಗ ಮಹಾಶಯರೇ, ನೀವು ಇಲ್ಲವೆಂದು ಗೊತ್ತಿದ್ದೂ ನಿಮ್ಮಲ್ಲಿ ಒಂದು ಬೇಡಿಕೆ. ಎಂದಾದರೂ ಭಾಂಡುಪ್‌ನಲ್ಲಿ ಇಳಿದು ನಮ್ಮಲ್ಲಿಗೆ ಬಂದರೆ, ಸಾಂಬಾರಿಗೆ ಉಪ್ಪು ಕಮ್ಮಿಯೋ ಹೆಚ್ಚೋ ಅನಿಸಿದರೆ, ಕೂತಲ್ಲಿಂದ ಅಡುಗೆಮನೆಯ ಕಡೆ ಕೂಗಬೇಡಿ. ವೇಟರನಿಗೂ ಹೇಳಬೇಡಿ. ಎದ್ದು ಗಲ್ಲಾದ ಹತ್ತಿರ ಬಂದು, ಸ್ವಲ್ಪ ಬಾಗಿ, ಮೆಲ್ಲಗೆ ನನಗೊಬ್ಬನಿಗೆ ಹೇಳಿ.